ನತಾಲಬಾಯಿಯ ಜಗಲಿಯಲ್ಲಿ ಓದಿದ ಪುಸ್ತಕ

ಕಳೆದ ತಿಂಗಳು ನಮ್ಮ ಸಭೆಯ ಓದುವ ಕೋಣೆಗೆ ಹೊಸ ಕಪಾಟು ಮಾಡಲು ಬಡಗಿಗಳು ಬಂದಿದ್ದರು. ಭಾನುವಾರ ಆರಾಧನೆ ಮುಗಿಸಿ ಹೊರಗೆ ಬಂದರೆ ಅಂಗಳದ ಮೂಲೆಯಲ್ಲಿ ಸಾಗುವಾನಿಯ ಹೊಟ್ಟು ರಾಶಿ ಬಿದ್ದಿತ್ತು. ಹಿಂದಿನ ದಿನದ ಮಳೆಗೆ ಅದು ಚೆನ್ನಾಗಿ ನೆನೆದಿತ್ತು. ಆ ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ಎಣ್ಣೆ, ಸ್ವಲ್ಪ ಹಸಿ ತೊಗಲಿನಂಥದ್ದು, ಮೂಗಿಗೆ ಬಂದದ್ದೇ ನಾನು ನಿಂತುಬಿಟ್ಟೆ. ಪಾಸ್ಟರು ಹಿಂದಿನಿಂದ ಬಂದು, "ಅಮ್ಮಾ, ಕಪಾಟು ತುಂಬೋ ದಿವಸ ನೀವು ನಮ್ಮ ಮಕ್ಕಳಿಗೆ ಐದು ನಿಮಿಷ ಮಾತಾಡಬೇಕು. ಭಕ್ತಿ ಪುಸ್ತಕ ಯಾಕ ಓದಬೇಕು ಅಂತ" ಎಂದರು. ಹೂಂ ಎಂದೆ. ಆ ದಿನ ಬಂದಾಗ ಎದ್ದು ನಿಂತು, ಎರಡು ಮಾತು ಆಡಿ, ಕೂತುಬಿಟ್ಟೆ. ನನಗೆ ಗೊತ್ತಿರುವ ಉತ್ತರ ಒಂದೇ. ಅದು ಐದು ನಿಮಿಷದಲ್ಲಿ ಮುಗಿಯುವುದಿಲ್ಲ. ಹೇಳಿಕೊಳ್ಳಲು ಹೆಮ್ಮೆಯದ್ದೂ ಅಲ್ಲ.

ಅರವತ್ತೊಂದನೆಯ ಇಸವಿಯ ಮಳೆಗಾಲ ನಾನು ಯಲ್ಲಾಪುರದಲ್ಲಿದ್ದೆ. ಆಗ ನನಗೆ ಇಪ್ಪತ್ಮೂರು. ನರ್ಸಿಂಗ್ ಮುಗಿಸಿ ಹೆರಿಗೆ ಮಾಡಿಸುವ ತರಬೇತಿ ಪಡೆದಿದ್ದೆ. ಊರಿನ ಕೆಲವು ಮರದ ವ್ಯಾಪಾರಿಗಳು ಸೇರಿ ನಾಲ್ಕು ಹಾಸಿಗೆಯ ಒಂದು ಹೆರಿಗೆಮನೆ ನಡೆಸುತ್ತಿದ್ದರು. ಈಗ ಅದು ಇಲ್ಲ, ಅದಿದ್ದ ಕಟ್ಟಡವೂ ಇಲ್ಲ. ಅಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತು. ನನ್ನ ಅಪ್ಪ ಹುಬ್ಬಳ್ಳಿಯ ಆಚೆಯ ಒಂದು ಹಳ್ಳಿಯಲ್ಲಿ ಸಭೆಯ ಉಪದೇಶಿ. ಬಸ್ಸು ಹತ್ತಿಸುವಾಗ ಅವರು ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮೂರು ಪುಸ್ತಕ ಇಟ್ಟು, "ಸುಗುಣಾ, ದಿನಾ ಉಂಡಂಗ ದಿನಾ ಒಂದೊಂದು ಪುಟಾ ಓದವಾ" ಎಂದಿದ್ದರು. ನಾನು ಅವನ್ನು ಟ್ರಂಕಿನಿಂದ ಹೊರಗೇ ತೆಗೆದಿರಲಿಲ್ಲ. ನಾನು ಉಪದೇಶಿಯ ಮಗಳು. ತೊಟ್ಟಿಲಲ್ಲಿ ಕೇಳಿದ ಕೀರ್ತನೆಗಳು ಬಾಯಿಪಾಠವಿದ್ದವು. ಊಟಕ್ಕೆ ಮೊದಲು, ಮಲಗುವ ಮೊದಲು ಪ್ರಾರ್ಥನೆ ತಪ್ಪುತ್ತಿರಲಿಲ್ಲ. ನನಗೆ ಇನ್ನು ಓದುವುದೇನಿದೆ ಎಂಬ ಧಿಮಾಕು.

ಓದುತ್ತಿರಲಿಲ್ಲ ಎಂದಲ್ಲ. ಊರಿನ ವಾಚನಾಲಯದಿಂದ ಪತ್ತೇದಾರಿ ಕಾದಂಬರಿಗಳನ್ನು ತಂದು ಒಂದೇ ಉಸಿರಿಗೆ ಓದುತ್ತಿದ್ದೆ. ಕೊಲೆ ಮಾಡಿದವರು ಯಾರು ಎಂದು ಗೊತ್ತಾಗುವವರೆಗೆ ನನಗೆ ಊಟ ಸೇರುತ್ತಿರಲಿಲ್ಲ.

ನಾನು ಬಾಡಿಗೆಗಿದ್ದದ್ದು ನತಾಲಬಾಯಿ ಎಂಬ ಕೊಂಕಣಿ ಕ್ರಿಸ್ತುವ ಮುದುಕಿಯ ಮನೆಯಲ್ಲಿ. ಹೊನ್ನಾವರದ ಕಡೆಯವರು. ಗಂಡ ಮರದ ಡಿಪೋದಲ್ಲಿ ಗುಮಾಸ್ತನಾಗಿ ಘಟ್ಟ ಹತ್ತಿದವರು, ತೀರಿಕೊಂಡು ಹತ್ತು ವರ್ಷ ಕಳೆದಿತ್ತು. ನತಾಲಬಾಯಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ನೆರಳು ಇಷ್ಟೇ ಕಾಣುತ್ತಿತ್ತು. ಆದರೂ ಅಡಿಗೆ, ಬಟ್ಟೆ, ಬೆಕ್ಕು, ದೇವರ ದೀಪ ಎಲ್ಲ ಕೈಯಳತೆಯಲ್ಲೇ ನಡೆಯುತ್ತಿತ್ತು. ಅವರು ಇಗರ್ಜಿಗೆ ಹೋಗುವ ಕೆಥೊಲಿಕರು, ನಾವು ಮಿಷನ್ನಿನ ಪ್ರಾಟೆಸ್ಟಂಟರು. ಅಪ್ಪನಿಗೆ ಅದೊಂದು ಸಣ್ಣ ಅಳುಕು. ನತಾಲಬಾಯಿಗೆ ಅಂಥದ್ದೇನೂ ಇರಲಿಲ್ಲ. "ಅಂಗಳ ಬೇರೆ, ಬಾವಿ ಒಂದೇ ಬಾಯೆ" ಎಂದು ನಕ್ಕುಬಿಡುತ್ತಿದ್ದರು. ಬಾಯೆ ಅಂದರೆ ಅವರ ಮಾತಿನಲ್ಲಿ ಮಗಳೇ ಎಂದ ಹಾಗೆ.

ಜುಲೈ ತಿಂಗಳು. ಹಗಲೆಲ್ಲ ಕಂದೀಲು ಹಚ್ಚಿಡಬೇಕಾದಂಥ ಮಳೆ. ಕಾಡಿನಲ್ಲಿ ಮರ ಕಡಿಯುವುದು ನಿಂತಿತ್ತು. ಅಂಕೋಲೆ ರಸ್ತೆಯಲ್ಲಿ ಎರಡು ಮೈಲಿ ಆಚೆ, ಡಿಪೋದ ಮಗ್ಗುಲಲ್ಲಿ, ತಗಡಿನ ಚಪ್ಪರಗಳ ಕೆಳಗೆ ಮರ ಕೊಯ್ಯುವವರು ಮಾತ್ರ ಉಳಿದಿದ್ದರು. ಒಂದು ಹೊಂಡ, ಅದರ ಮೇಲೆ ದಿಮ್ಮಿ. ಒಬ್ಬ ಮೇಲೆ ನಿಂತು, ಒಬ್ಬ ಹೊಂಡದಲ್ಲಿ ನಿಂತು ಉದ್ದನೆಯ ಗರಗಸ ಎಳೆಯುವ ಕೆಲಸ. ಫಕ್ಕೀರಪ್ಪ ಕೆಳಗೆ ನಿಲ್ಲುವವನು. ಬನವಾಸಿಯ ಆಚೆಯ ಹಳ್ಳಿಯಿಂದ ಬಂದವನು. ತಾಯಿ ಗಂಗವ್ವ ಮತ್ತು ಬಸುರಿ ಹೆಂಡತಿ ಶಾಂತವ್ವನ ಜೊತೆ ಒಂದು ಚಪ್ಪರದಲ್ಲಿದ್ದ. ಶಾಂತವ್ವ ಎರಡು ಸಲ ತಪಾಸಣೆಗೆ ಬಂದಿದ್ದಳು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವ ಹುಡುಗಿ.

ಆ ಮಧ್ಯಾಹ್ನ ಡಾಕ್ಟರು ಕಿರವತ್ತಿಗೆ ಹೋಗಿದ್ದರು. ಹೆರಿಗೆಮನೆಯಲ್ಲಿ ನಾನೊಬ್ಬಳೇ. ಕಾದಂಬರಿಯ ಕೊನೆಯ ನಲವತ್ತು ಪುಟ ಉಳಿದಿತ್ತು. ಗೋಡೆಯ ಗಡಿಯಾರ ಮೂರು ಹೊಡೆಯುವ ಹೊತ್ತಿಗೆ ಫಕ್ಕೀರಪ್ಪ ಬಾಗಿಲಲ್ಲಿ ಬಂದು ನಿಂತ. ಗೋಣಿ ಕೊಪ್ಪೆಯಿಂದ ನೀರು ಸುರಿಯುತ್ತಿತ್ತು.

"ಬಾಯರ, ಬ್ಯಾನಿ ಹಿಡದಾವ್ರಿ. ಅವ್ವ ಲಗೂನ ಕರಕೊಂಡು ಬಾ ಅಂದಾಳ."

"ಯಾವಾಗಿಂದ?"

"ಮುಂಜಾನಿಂದರಿ."

"ನೀ ಮುಂದ ನಡಿ. ಚೀಲ ತಗೊಂಡು ನಿನ್ನ ಹಿಂದಽ ಬಂದೆ."

ಅವನು ಓಡಿದ. ನಾನು ಚೀಲ ತೆಗೆದಿಟ್ಟೆ. ಕೊಡೆ ತೆಗೆದಿಟ್ಟೆ. ಮಳೆ ಒಂದಿಷ್ಟು ಕಡಿಮೆಯಾಗಲಿ ಎಂದು ಕೂತೆ. ಕೂತವಳು ಪುಸ್ತಕ ತೆರೆದೆ. ಬರೀ ನಾಲ್ಕು ಪುಟ ಎಂದುಕೊಂಡೆ. ಕೊಲೆಗಾರ ಯಾರೆಂದು ತಿಳಿದು ತಲೆ ಎತ್ತಿದಾಗ ಗಡಿಯಾರ ಐದು ತೋರಿಸುತ್ತಿತ್ತು. ಮಳೆ ಕಡಿಮೆಯಾಗಿರಲಿಲ್ಲ.

ಚಪ್ಪರ ಮುಟ್ಟಿದಾಗ ಆರಾಗುತ್ತಾ ಬಂದಿತ್ತು. ಹೆಣ್ಣುಮಗು ಹುಟ್ಟಿ ಗಂಗವ್ವನ ಮಡಿಲಲ್ಲಿ ಅಳುತ್ತಿತ್ತು. ಶಾಂತವ್ವನ ಕೆಳಗಿನ ಕೌದಿ ಪೂರ್ತಿ ಕೆಂಪಾಗಿತ್ತು. ರಕ್ತ ನಿಲ್ಲಿಸುವ ಇಂಜೆಕ್ಷನ್ ನನ್ನ ಚೀಲದಲ್ಲೇ ಇತ್ತು. ಕೊಟ್ಟೆ. ಕೈಯಿಂದ ಒತ್ತಿ ಹಿಡಿದೆ. ಏನೇನು ಕಲಿತಿದ್ದೆನೋ ಎಲ್ಲ ಮಾಡಿದೆ. ಏಳು ಗಂಟೆಗೆ ಮೊದಲೇ ಆಕೆ ಹೋಗಿಬಿಟ್ಟಳು.

ಮರುದಿನ ಬೆಳಿಗ್ಗೆ ದಾಖಲೆ ಪುಸ್ತಕದಲ್ಲಿ ನಾನು ಬರೆದೆ: 'ಗಂಡನು ಸಂಜೆ ಐದಕ್ಕೆ ಬಂದು ತಿಳಿಸಿದನು. ಕೂಡಲೇ ಹೊರಟೆನು.'

ಡಾಕ್ಟರು ಅದನ್ನು ಓದಿದರು. ಸಿದ್ದಾಪುರದ ಕಡೆಯವರು, ಒಳ್ಳೆಯ ಮನುಷ್ಯ, ರೋಗಿಗಳ ಮೇಲೆ ರೇಗುವವರಲ್ಲ. ಆದರೆ ಅವತ್ತು ಬಾಣಂತಿಯ ಸಾವು ಅವರನ್ನು ಕಲಕಿತ್ತು. ಮರಣದ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಬಂದ ಫಕ್ಕೀರಪ್ಪನಿಗೆ ಎಲ್ಲರ ಎದುರು ಹೇಳಿದರು: "ಬೆಳಿಗ್ಗೆ ನೋವು ಸುರುವಾದ್ರೆ ಐದು ಗಂಟೆಗೆ ಬರೂದಾ ಮಾರಾಯಾ? ಎರಡು ತಾಸು ಮೊದಲು ಬಂದಿದ್ರೆ ಉಳೀತಿದ್ಲು."

"ನಾ ಮಧ್ಯಾನ್ನನ..." ಎಂದ ಅವನು. ನನ್ನ ಕಡೆ ನೋಡಿದ.

"ನೀ ಬಂದಾಗ ಐದಾಗಿತ್ತಪಾ" ಎಂದೆ ನಾನು.

ಅವನ ಹತ್ತಿರ ಗಡಿಯಾರವಿರಲಿಲ್ಲ. ವಾರದಿಂದ ಸೂರ್ಯ ಕಂಡಿರಲಿಲ್ಲ. ಆ ಆಕಾಶದಲ್ಲಿ ಮೂರಕ್ಕೂ ಐದಕ್ಕೂ ವ್ಯತ್ಯಾಸವೇ ಇರಲಿಲ್ಲ. ಶಾಂತವ್ವ ನೋವಿನಿಂದ ಕೂಗುತ್ತಿರುವಾಗ ನನ್ನ ದಾರಿ ಕಾದದ್ದು ಗಳಿಗೆಯೋ ತಾಸೋ ಎಂದು ಅವನಿಗಾಗಲಿ ಗಂಗವ್ವನಿಗಾಗಲಿ ಹೇಳಲು ಬರುತ್ತಿರಲಿಲ್ಲ. ಅವನು ತಲೆ ತಗ್ಗಿಸಿದ. "ಬರೂ ಮುಂದ ಮಳಿ ಜೋರಾತಂತ ಒಂದು ಮರದ ಬುಡಕ ನಿಂತಿದ್ನಿರಿ. ಅಷ್ಟ ತಡಾ ಆಗಿತ್ತೇನ ಹಂಗಾರ" ಎಂದ.

ಆಮೇಲೆ ನಾನು ಪ್ರಾರ್ಥಿಸಲು ಕೂತರೆ ಮಾತು ಬಾಯಲ್ಲೇ ಒಣಗುತ್ತಿತ್ತು. ಬಾಯಿಪಾಠದ್ದನ್ನು ಒಪ್ಪಿಸಿ ಎದ್ದೇಳುತ್ತಿದ್ದೆ. ವಾಚನಾಲಯದ ಕಾದಂಬರಿ ಮರಳಿಸಿದೆ, ಹೊಸದು ತರಲಿಲ್ಲ. ನತಾಲಬಾಯಿಗೆ ನಾನೇನೂ ಹೇಳಲಿಲ್ಲ. ಆದರೆ ಅವರು ಕೇಳುವವರು. ನಾನು ಊಟ ಬಿಟ್ಟೇಳುವ ಸದ್ದು, ಹೊರಳಾಡುವಾಗ ಮಂಚದ ಸದ್ದು, ಎಲ್ಲ ಅವರ ಕಿವಿಗೆ ಬಿದ್ದಿರಬೇಕು. ಒಂದು ಸಂಜೆ ನಾಲ್ಕೂವರೆಗೆ ನಾನು ಕೆಲಸ ಮುಗಿಸಿ ಬಂದಾಗ ಜಗಲಿಯಲ್ಲಿ ಮೊರ ಹಿಡಿದು ಹುರುಳಿ ಆರಿಸುತ್ತ ಕೂತಿದ್ದರು. ಕಲ್ಲನ್ನು ಬೆರಳೇ ಹುಡುಕುತ್ತಿತ್ತು.

"ಬಾಯೆ, ನಿನ್ನ ಪೆಟ್ಟಿಗೆಯಲ್ಲಿ ಪುಸ್ತಕ ಉಂಟು ಅಂದಿದ್ದೆ ಅಲ್ಲ, ನಿನ್ನ ಅಪ್ಪ ಕೊಟ್ಟದ್ದು. ಒಂದು ಓದು ನನಗೆ. ಕಣ್ಣು ಹೋದ ಮೇಲೆ ನನಗೆ ಓದುವವರಿಲ್ಲ."

"ಅವು ನಮ್ಮ ಸಭೆ ಪುಸ್ತಕ ಬಾಯಿ."

"ದೇವರ ಮಾತು ಉಂಟಾ ಅದರಲ್ಲಿ?"

"ಇರಬೇಕು."

"ಇರಬೇಕು ಅಂದ್ರೆ? ನೀನು ಓದಲಿಲ್ವಾ?"

ಟ್ರಂಕಿನ ತಳದಿಂದ ಕೈಗೆ ಸಿಕ್ಕಿದ್ದನ್ನು ತಂದೆ. ಕಂದು ಕಾಗದದ ಹೊದಿಕೆ. ಮೊದಲ ಏಳೆಂಟು ಹಾಳೆ ಗೆದ್ದಲು ತಿಂದು ಹೆಸರೂ ಇಲ್ಲ, ಬರೆದವರೂ ಯಾರೆಂದು ಗೊತ್ತಿಲ್ಲ. ಎಲ್ಲೋ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಒಬ್ಬ ದಾದಿ ತನ್ನ ಆತ್ಮದ ಕಥೆಯನ್ನು ತಾನೇ ಬರೆದದ್ದು, ಯಾರೋ ಕನ್ನಡಕ್ಕೆ ತಂದದ್ದು. ಹಳೆಯ ಮಿಷನ್ ಕನ್ನಡ. ನನಗೆ ಮೊದಲ ದಿನ ಆಕಳಿಕೆ ಬಂತು. ಎರಡು ಪುಟ ಸರಸರ ಓದಿದೆ.

"ರಾವ್, ರಾವ್" ಎಂದರು ನತಾಲಬಾಯಿ. ನಿಲ್ಲು ಎಂದು. "ಬಸ್ಸು ತಪ್ಪುತ್ತದಾ ನಿನಗೆ? ಆ ಕೊನೇ ಮಾತು ಮತ್ತೊಮ್ಮೆ ಓದು."

ಮತ್ತೊಮ್ಮೆ ಓದಿದೆ. ಅವರು ಹುರುಳಿಯ ಮೇಲೆ ಕೈ ಇಟ್ಟು ಸುಮ್ಮನೆ ಕೂತರು. ಮಳೆ ಸುರಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಇವತ್ತಿಗೆ ಸಾಕು. ಇದು ಅರಗಲಿ" ಎಂದು ಎದ್ದರು.

ಹೀಗೆ ಸುರುವಾಯಿತು. ದಿನಕ್ಕೊಂದು ಪುಟ, ಒಮ್ಮೊಮ್ಮೆ ಅರ್ಧ. ಮುಂದೇನಾಯಿತು ಎಂದು ತಿಳಿಯಲು ಓದುವುದು ಮಾತ್ರ ನನಗೆ ಗೊತ್ತಿತ್ತು. ಓದಿದ್ದರ ಎದುರು ಕೂರುವುದು ಗೊತ್ತಿರಲಿಲ್ಲ. ನತಾಲಬಾಯಿ ಒಂದೊಂದು ಮಾತನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು. ದಾದಿ ರೋಗಿಗಳ ಮೇಲೆ ಸಿಟ್ಟು ಬಂದದ್ದನ್ನು ಬರೆದರೆ, "ನಿನ್ನೆ ನಾನೂ ಬೆಕ್ಕಿಗೆ ಒದ್ದೆ" ಎನ್ನುತ್ತಿದ್ದರು. ಅವಳು ದೇವರು ದೂರವಾದಂತೆ ಅನಿಸಿತು ಎಂದು ಬರೆದರೆ, ಗಂಡ ತೀರಿದ ವರ್ಷ ತಾನು ಇಗರ್ಜಿಯ ಬಾಗಿಲವರೆಗೆ ಹೋಗಿ ಒಳಗೆ ಕಾಲಿಡದೆ ವಾಪಸು ಬರುತ್ತಿದ್ದುದನ್ನು ಹೇಳಿದರು. ನನಗೆ ಆ ಸಂಜೆಗಳು ಬೇಕೆನಿಸತೊಡಗಿದವು. ಎಂದೋ ಸತ್ತುಹೋಗಿರಬಹುದಾದ, ಹೆಸರು ಗೊತ್ತಿಲ್ಲದ ಹೆಂಗಸೊಬ್ಬಳು ನಮ್ಮಿಬ್ಬರ ನಡುವೆ ಬಂದು ಕೂತು ಮಾತಾಡಿದ ಹಾಗೆ ಆಗುತ್ತಿತ್ತು. ನನ್ನದೇ ಕೆಲಸದವಳು. ನನ್ನ ಹಾಗೆಯೇ ದಣಿಯುತ್ತಿದ್ದಳು, ಸುಳ್ಳು ನೆಪ ಹೇಳುತ್ತಿದ್ದಳು. ಒಂದೇ ವ್ಯತ್ಯಾಸವೆಂದರೆ ಅವಳು ಅದನ್ನು ಬರೆದಿಟ್ಟಿದ್ದಳು.

ಆಗಸ್ಟ್ ಮುಗಿಯುತ್ತ ಬಂದಿತ್ತು. ಅವತ್ತಿನ ಪುಟದಲ್ಲಿ ದಾದಿ ಒಂದು ದಿನದ ಸಂಗತಿ ಹೇಳುತ್ತಾಳೆ. ಬೇಸರದಿಂದ ಒಬ್ಬ ಮುದುಕನ ಗಾಯ ತೊಳೆಯದೆ, ತೊಳೆದೆನೆಂದು ದಾಖಲೆಯಲ್ಲಿ ಬರೆದದ್ದು. ಗಾಯಕ್ಕೆ ಹುಳ ಬಿದ್ದಾಗ ಮುದುಕನೇ ಕಟ್ಟು ಬಿಚ್ಚಿಕೊಂಡನೆಂದು ಮೇಲಿನವರು ಬೈದದ್ದು. ತಾನು ಬಾಯಿ ಮುಚ್ಚಿಕೊಂಡದ್ದು. ನನ್ನ ಕಣ್ಣು ಮುಂದಿನ ಸಾಲಿಗೆ ಓಡಿತು. ಅಲ್ಲಿ ಅವಳು, ತಾನು ದಿನಗಟ್ಟಲೆ ದೇವರಲ್ಲಿ ಕ್ಷಮೆ ಬೇಡಿದರೂ ಉತ್ತರ ಬರಲಿಲ್ಲವೆಂದೂ, ಕ್ಷಮೆ ಕೇಳಬೇಕಾದವನು ಮೂರನೆಯ ಮಂಚದಲ್ಲಿ ಮಲಗಿರುವಾಗ ತಾನು ಅವನನ್ನು ದಾಟಿ ಪ್ರಾರ್ಥನಾಲಯಕ್ಕೆ ಹೋಗುತ್ತಿದ್ದೆನೆಂದೂ ಬರೆದಿದ್ದಳು. ನನಗೆ ಅದನ್ನು ಓದಲು ಆಗಲಿಲ್ಲ. ಆ ಭಾಗ ಹಾರಿಸಿ ಕೆಳಗಿನಿಂದ ಓದಿದೆ.

"ರಾವ್" ಎಂದರು ಬಾಯಿ. "ನೀನು ಎಂತದೋ ಬಿಟ್ಟೆ."

"ಇಲ್ಲ ಬಾಯಿ."

"ಬಿಟ್ಟೆ. ಮಾತು ಕೂಡಲಿಲ್ಲ. ಬಟ್ಟೆ ಹರಿದದ್ದು ಕೈಗೆ ತಾಗ್ತದೆ ನನಗೆ. ಓದು."

ಓದಿದೆ. ಅರ್ಧಕ್ಕೆ ನಿಂತೆ. ಪುಸ್ತಕ ಮಡಿಲಿಗೆ ಬಿತ್ತು. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಅವರು ನನ್ನ ಬೆನ್ನಿನ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಕೊನೆಗೆ, "ಬಾಯಿ, ನಾನು ಏನು ಮಾಡೀನಿ ಅಂದ್ರ..." ಎಂದು ತೊಡಗಿದೆ.

"ನನಗೆ ಹೇಳಬೇಡ" ಎಂದರು ಅವರು, ಮೆತ್ತಗೆ, ಆದರೆ ಗಟ್ಟಿಯಾಗಿ. "ನನಗೆ ಹೇಳಿದ್ರೆ ನಿನಗೆ ಹಗುರ ಆಗ್ತದೆ. ಆಮೇಲೆ ಯಾರಿಗೆ ಹೇಳಬೇಕೋ ಅವರಿಗೆ ನೀನು ಹೇಳೂದಿಲ್ಲ."

ಮರುದಿನ ಅವರಿಗಾಗಿ ಕಾಯದೆ ಮುಂದಿನ ಪುಟ ತೆರೆದೆ. ಮುದುಕ ಏನೆಂದ? ಕೆಲಸ ಉಳಿಯಿತೇ? ಅದು ತಿಳಿದರೆ ನನಗೆ ಧೈರ್ಯ ಬರುತ್ತದೆ ಎಂದಿತ್ತು. ಗೆದ್ದಲು ಅಲ್ಲಿಗೂ ಬಂದಿತ್ತು. ನಾಲ್ಕು ಹಾಳೆ ಜಾಲರಿಯಾಗಿತ್ತು. ಅಲ್ಲೊಂದು ಇಲ್ಲೊಂದು ಅಕ್ಷರ ಬಿಟ್ಟರೆ ಏನೂ ಉಳಿದಿರಲಿಲ್ಲ. ಉಳಿದ ಎರಡು ಪುಸ್ತಕಗಳನ್ನೂ ತೆಗೆದೆ. ಒಂದು ಪ್ರಾರ್ಥನೆಯ ಮೇಲೆ, ಇನ್ನೊಂದು ಹಳೆಯ ಕಾಲದ ಒಬ್ಬ ಭಕ್ತನ ಪತ್ರಗಳು. ಸುಮ್ಮನಿದ್ದರೂ ನಡೆಯುತ್ತದೆ ಎಂಬ ಒಂದು ಸಾಲು ಎಲ್ಲಾದರೂ ಸಿಕ್ಕೀತೇ ಎಂದು ಹುಡುಕಿದೆ. ಸಿಗಲಿಲ್ಲ. ಬದಲಿಗೆ ಎಲ್ಲಿ ತೆರೆದರೂ ನನ್ನನ್ನೇ ಕಂಡು ಬರೆದಂಥ ಮಾತು. ಸಿಟ್ಟಿನಿಂದ ಪುಸ್ತಕ ಮುಚ್ಚಿ, ಒಂದು ಗಳಿಗೆಯ ಮೇಲೆ ಮತ್ತೆ ತೆರೆಯುತ್ತಿದ್ದೆ. ಹಾಗೆ ಎರಡು ವಾರ ಕಳೆಯಿತು. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಏನನ್ನೂ ಓದಿಲ್ಲ.

ಗಂಗವ್ವ ಪ್ರತಿ ಮಂಗಳವಾರ ಮೊಮ್ಮಗಳನ್ನು ತೂಕಕ್ಕೂ ಹಾಲಿನ ಪುಡಿಗೂ ಹೆರಿಗೆಮನೆಗೆ ತರುತ್ತಿದ್ದಳು. ಸೆಪ್ಟೆಂಬರಿನ ಒಂದು ಮಂಗಳವಾರ ಸಾಲಿನಲ್ಲಿ ಕೂತ ಇನ್ನೊಬ್ಬಳಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

"ನನ್ನ ಮಗಾ ಗರಗಸ ಮುಟ್ಟಿ ಎರಡು ತಿಂಗಳಾತು. ಮ್ಯಾಲಿನಾಂವ ಬ್ಯಾರೆ ಜೋಡಿ ನೋಡಿಕೊಂಡ. ಇಂವ ಆ ಮರದ ಬುಡಕ ಹೋಗಿ ಕುಂದರತಾನ. ಅದಽ ಮರಾ. ನಾನೂ ಸಿಟ್ಟಿಲೆ ಅಂದ್ನಿ, ನಿನ್ನ ಹೇಣ್ತಿನ್ನ ನೀನಽ ಕೊಂದಿ ಅಂತ. ಅಂದ ಮಾತು ತಿರಗಿ ನುಂಗಾಕ ಬರತೈತೇನ?"

ನಾನು ತಕ್ಕಡಿಯಲ್ಲಿದ್ದ ಮಗುವನ್ನು ಎತ್ತಿ ಅವಳ ಕೈಗೆ ಕೊಟ್ಟೆ. ಅವಳು, "ದೇವರು ನಿಮ್ಮನ್ನ ಚಲೋ ಇಟ್ಟಿರಲಿ ಬಾಯರ" ಎಂದಳು. ನಾನು ಸೀದಾ ಡಾಕ್ಟರ ಕೋಣೆಗೆ ಹೋದೆ.

ಎಲ್ಲ ಕೇಳಿ ಅವರು ಕನ್ನಡಕ ತೆಗೆದಿಟ್ಟರು. "ಎಂತಕ್ಕೆ ಈಗ ಇದೆಲ್ಲ? ಯಾರೂ ಕೇಳಲಿಲ್ಲ. ಹೇಳಿದ ಮೇಲೆ ನಾನು ಸುಮ್ಮನೆ ಕೂರೂಕಾಗುದಿಲ್ಲ, ನಡೆಸುವವರಿಗೆ ತಿಳಿಸಬೇಕು. ನಿಂಗೆ ಕೆಲಸ ಹೋಗ್ತದೆ."

"ಗೊತ್ತದ ಸರ್."

ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ತಮ್ಮಷ್ಟಕ್ಕೆ ತಾವೇ, "ಆನು ಅವಂಗೆ ಎಲ್ಲರ ಎದುರಿಗೆ ಬೈದೆ" ಎಂದರು. ನನ್ನ ಹತ್ತಿರ ಯಾವತ್ತೂ ಆಡದ ಮನೆಮಾತು ಅವರ ಬಾಯಿಗೆ ಬಂದಿತ್ತು. ದಾಖಲೆ ಪುಸ್ತಕ ನನ್ನ ಮುಂದೆ ಸರಿಸಿದರು. ನಾನು 'ಐದು' ಎಂಬುದನ್ನು ಹೊಡೆದು 'ಮೂರು' ಎಂದು ಬರೆದೆ. 'ಕೂಡಲೇ ಹೊರಟೆನು' ಎಂಬುದನ್ನು ಹೊಡೆದು, 'ಐದಕ್ಕೆ ಹೊರಟೆನು' ಎಂದು ಬರೆದು ಸಹಿ ಹಾಕಿದೆ.

ಅದೇ ಸಂಜೆ ಚಪ್ಪರಕ್ಕೆ ಹೋದೆ. ನತಾಲಬಾಯಿ ಏನೂ ಕೇಳದೆ ಕೋಲು ಹಿಡಿದು ಜೊತೆಗೆ ಹೊರಟರು. ಮಳೆ ಸಣ್ಣದಾಗಿತ್ತು. ಡಿಪೋದಲ್ಲಿ ನೆನೆದ ಹೊಟ್ಟಿನ ರಾಶಿಗಳು ಹಬೆಯಾಡುತ್ತಿದ್ದವು. ಫಕ್ಕೀರಪ್ಪ ಚಪ್ಪರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಗಡ್ಡ ಬೆಳೆದು ಗುರುತು ಸಿಗದ ಹಾಗಾಗಿದ್ದ. ಗಂಗವ್ವ ಮಗುವಿಗೆ ಹಾಲು ಕುಡಿಸುತ್ತಿದ್ದಳು. "ಬರ್ರಿ ಬಾಯರ, ಕುಂದರ್ರಿ" ಎಂದು ಚಾಪೆ ಹಾಸಲು ಎದ್ದಳು.

ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ಫಕ್ಕೀರಪ್ಪಾ, ಅವತ್ತು ನೀ ಬಂದಾಗ ಮೂರು ಗಂಟೆ ಆಗಿತ್ತು. ಐದಲ್ಲ. ನೀ ತಡಾ ಮಾಡಿಲ್ಲ. ನಾ ಮಾಡಿದೆ. ಹಿಂದಽ ಬರತೀನಿ ಅಂದು, ಕಥೀ ಪುಸ್ತಕಾ ಓದಕೋತ ಕುಂತೆ. ಆಮೇಲೆ ಸುಳ್ಳು ಬರದೆ. ನಿನ್ನ ಮುಂದ ಸುಳ್ಳು ಹೇಳಿದೆ."

ಅವನು ನನ್ನನ್ನು ನೋಡಿದ. ಅರ್ಥವಾಗಲು ಸಮಯ ಹಿಡಿಯಿತು.

"ಮೂರಕ್ಕ ಬಂದಿದ್ನೇನ್ರಿ ನಾ?"

"ಹೌದು."

"ಮರದ ಬುಡಕ ನಾ ಭಾಳೊತ್ತು ನಿಂತಿದ್ದಿಲ್ಲ?"

"ಇಲ್ಲಪಾ."

"ನನಗೂ ಹಂಗಽ ಅನಸ್ತಿತ್ತು. ಆದ್ರ ಬರದದ್ದು ಐದು ಅಂತ ಎಲ್ಲಾರೂ ಅಂದ್ರ, ನನ್ನ ನೆನಪಽ ಸುಳ್ಳು ಅನಸ್ತು" ಎಂದವನು, ಇದ್ದಕ್ಕಿದ್ದ ಹಾಗೆ ತಾಯಿಯ ಕಡೆ ತಿರುಗಿ, ಚಿಕ್ಕ ಮಕ್ಕಳು ಕೂಗುವ ಹಾಗೆ, "ಯವ್ವಾ, ನಾ ತಡಾ ಮಾಡಿಲ್ಲಬೇ. ನಾ ತಡಾ ಮಾಡಿಲ್ಲ" ಎಂದು ಕೂಗಿದ.

ಗಂಗವ್ವ ಮಗುವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ಮುಖ ಕಲ್ಲಾಗಿತ್ತು. ಆ ಮಂಗಳವಾರಗಳೆಲ್ಲ, ಆ ಆಶೀರ್ವಾದಗಳೆಲ್ಲ ಅವಳಿಗೆ ನೆನಪಾಗುತ್ತಿದ್ದವೆಂದು ಕಾಣುತ್ತದೆ.

"ನಡೀರಿ ಇಲ್ಲಿಂದ" ಎಂದಳು.

ನಾನು ಕಾಲಿಗೆ ಬೀಳಲು ಬಗ್ಗಿದೆ. ಅವಳು ಹಿಂದೆ ಸರಿದಳು. "ಮುಟ್ಟಬ್ಯಾಡ್ರಿ. ನಡೀರಿ."

ದಾರಿಯಲ್ಲಿ ನತಾಲಬಾಯಿ ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದರು. ಕ್ಷಮೆ ಕೇಳಿದರೆ ಎದೆಯ ಭಾರ ಇಳಿಯುತ್ತದೆ ಎಂದು ಓದಿದ್ದೆ. ಇಳಿಯಲಿಲ್ಲ. ಶಾಂತವ್ವ ಸತ್ತದ್ದು ಸತ್ತದ್ದೇ. ಆದರೆ ಮನೆ ಮುಟ್ಟಿ ಬಾವಿಯ ಹತ್ತಿರ ಕಾಲು ತೊಳೆಯುವಾಗ, ಯಾವುದೂ ಬಾಯಿಪಾಠವಿಲ್ಲದೆ, ನನ್ನ ಬಾಯಿಂದ ಎರಡೇ ಮಾತಿನ ಪ್ರಾರ್ಥನೆ ಬಂತು. ಆ ಮಾತು ಯಾರಿಗೋ ಕೇಳಿಸಿತು ಎಂದೂ ಅನಿಸಿತು. ಅದು ನನ್ನ ಮೊದಲ ಪ್ರಾರ್ಥನೆ ಎಂದು ಈಗಲೂ ಎಣಿಸುತ್ತೇನೆ.

ಹೆರಿಗೆಮನೆ ನಡೆಸುವವರು ಕ್ರೂರಿಗಳಾಗಿರಲಿಲ್ಲ. ತಿಂಗಳ ಕೊನೆಗೆ ಬಿಟ್ಟು ಹೋಗಲು ಹೇಳಿದರು. ನಾನು ಅಪ್ಪನಿಗೆ ಎಲ್ಲವನ್ನೂ ಬರೆದೆ. ಉಳಿದ ದಿನಗಳಲ್ಲಿಯೂ ಸಂಜೆಯ ಓದು ನಿಲ್ಲಲಿಲ್ಲ. ದಾದಿಯ ಪುಸ್ತಕ ಮುಗಿದು ಪತ್ರಗಳ ಪುಸ್ತಕ ಹಿಡಿದಿದ್ದೆವು. ಈಗ ನನಗೇ ನಡುವೆ ನಿಲ್ಲಬೇಕು ಅನಿಸುತ್ತಿತ್ತು. ನತಾಲಬಾಯಿ ತಮ್ಮ ಪೆಟ್ಟಿಗೆಯಿಂದ ಕನ್ನಡ ಲಿಪಿಯ ಒಂದು ಕೊಂಕಣಿ ಪುಸ್ತಕ ತೆಗೆದುಕೊಟ್ಟರು. ಅರ್ಥ ತಿಳಿಯದೆಯೇ ನಾನು ಓದುವುದು, ಅವರು ನಗುತ್ತ ತಿದ್ದಿ ಅರ್ಥ ಹೇಳುವುದು. ಹಾಗೆ ನನಗೆ ಅರ್ಧ ಕೊಂಕಣಿಯೂ ಬಂತು.

ತಿಂಗಳ ಕೊನೆಗೆ ಅಪ್ಪ ನನ್ನನ್ನು ಕರೆದೊಯ್ಯಲು ಬಂದರು. ಬಸ್ಸಿನಿಂದ ಇಳಿದವರ ಮುಖ ನೋಡಲು ನನಗೆ ಹೆದರಿಕೆ. ಅವರು ಬೈಯಲಿಲ್ಲ. ಜಗಲಿಯಲ್ಲಿ ಕೂತು, ನೀರು ಕುಡಿದು, "ಆ ಪುಸ್ತಕ ತಾ" ಎಂದರು. ತಂದುಕೊಟ್ಟೆ. "ಯಾವ ಪುಟ?" ತೋರಿಸಿದೆ. ಕನ್ನಡಕ ಏರಿಸಿಕೊಂಡು ಆ ಪುಟವನ್ನು ನಿಧಾನವಾಗಿ ಓದಿದರು. ಎರಡನೆಯ ಸಲ ಓದಿದರು.

"ಸುಗುಣಾ, ನಾ ಇದನ್ನ ಓದಿದ್ದಿಲ್ಲವಾ" ಎಂದರು. "ಮೂವತ್ತು ವರ್ಷದಾಗ ಎಷ್ಟು ಮಂದಿಗೆ ಪುಸ್ತಕಾ ಹಂಚೇನಿ. ಓದ್ರಿ, ಓದ್ರಿ ಅಂತ ಹೇಳೇನಿ. ಹಂಚೂದರಾಗ ನನಗ ಓದಾಕ ಪುರಸೊತ್ತು ಆಗಲಿಲ್ಲ."

ಅಪ್ಪ ಅಂಥ ಮಾತು ಆಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ನತಾಲಬಾಯಿ ಒಳಗಿನಿಂದ, "ಇವತ್ತು ನೀವು ಓದಿ ಮಾಸ್ತರರೇ. ಹುಡುಗಿಯ ಗಂಟಲು ದಣಿದಿದೆ" ಎಂದರು. ಇಗರ್ಜಿಯ ಹೆಂಗಸಿಗೆ ಮಿಷನ್ನಿನ ಉಪದೇಶಿ ಒಂದು ತಾಸು ಓದಿದರು.

ಮರುದಿನ ಹತ್ತರ ಬಸ್ಸಿಗೆ ಹೊರಟಿದ್ದೆವು. ಟ್ರಂಕು ಹಗ್ಗ ಕಟ್ಟಿ ಜಗಲಿಗೆ ತಂದಿಟ್ಟಿತ್ತು. ಆಗ ಗಂಗವ್ವ ಅಂಗಳಕ್ಕೆ ಬಂದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಸೆರಗಿನೊಳಗಿಂದ ಮಗುವನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಮೈ ಕೆಂಡ.

"ನಿನ್ನಿಯಿಂದ ಹಾಲು ಮುಟ್ಟಿಲ್ಲರಿ."

"ಡಾಕ್ಟರ ಹಂತ್ಯಾಕ ಒಯ್ಯಬೇಕಿತ್ತು ಗಂಗವ್ವಾ. ನಾ ಈಗ ಅಲ್ಲಿಯಾಕಿ ಅಲ್ಲ" ಎಂದೆ.

"ಒಯ್ದಿದ್ನಿ. ಔಷಧ ಕೊಟ್ಟಾರ. ತಾಸಿಗೊಮ್ಮೆ ನೋಡಕೋಬೇಕು ಅಂದಾರ. ನನಗ ನೋಡಾಕ ಬರೂದಿಲ್ಲ." ಅವಳು ನನ್ನ ಕಣ್ಣು ತಪ್ಪಿಸಿ ಟ್ರಂಕನ್ನು ನೋಡಿದಳು. "ನೀವು ನೋಡಕೊಂತೀರಿ. ಕೂಸು ಉಳಿಯೂದಿಲ್ಲ ಅಂದ್ರ ಉಳಿಯೂದಿಲ್ಲ ಅಂತ ಖರೇ ಹೇಳತೀರಿ. ಅದಕ್ಕಽ ಬಂದ್ನಿ."

ನಾನು ಅಪ್ಪನ ಕಡೆ ನೋಡಿದೆ. ಅವರು ಆಗಲೇ ಟ್ರಂಕಿನ ಹಗ್ಗ ಬಿಚ್ಚುತ್ತಿದ್ದರು.

ಮೂರು ದಿನ ಮಗು ನನ್ನ ಹಾಸಿಗೆಯಲ್ಲಿತ್ತು. ಹಣೆಗೆ ಒದ್ದೆ ಬಟ್ಟೆ, ತಾಸಿಗೊಮ್ಮೆ ಔಷಧ, ಚಮಚೆಯಲ್ಲಿ ನೀರು. ಡಾಕ್ಟರು ದಿನಕ್ಕೆರಡು ಸಲ ಬಂದು ಹೋದರು. ಫಕ್ಕೀರಪ್ಪ ಬೆಳಿಗ್ಗೆ ಊರೊಳಗೆ ಸಿಕ್ಕ ಹೊಸ ಕೆಲಸಕ್ಕೆ ಹೋಗುವಾಗ, ಸಂಜೆ ಬರುವಾಗ ಬೇಲಿಯ ಹತ್ತಿರ ನಿಂತು, ಒಳಗೆ ಬಾರದೆ, ಮಗುವಿನ ಅಳು ಕೇಳಿ ಹೋಗುತ್ತಿದ್ದ. ಅವನ ಹೆಗಲ ಮೇಲೆ ಗರಗಸವಿತ್ತು. ಮೂರನೆಯ ದಿನ ಬೆಳಿಗ್ಗೆ ಮಗುವಿನ ಕತ್ತು ಬೆವೆತಿತು, ಜ್ವರ ಇಳಿಯಿತು. ಬಾಟಲಿ ಹಾಲು ಪೂರ್ತಿ ಕುಡಿದು ನಿದ್ದೆ ಹೋಯಿತು.

ಗಂಗವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಅಂಗಳಕ್ಕೆ ಇಳಿದವಳು ತಿರುಗಿ ನಿಂತಳು.

"ಬಾಯರ, ನನ್ನ ಸಿಟ್ಟು ಹೋಗಿಲ್ಲರಿ. ಹೋಗತೈತೋ ಇಲ್ಲೋ ಗೊತ್ತಿಲ್ಲ. ಆದ್ರ ಇದಕ್ಕ ಮತ್ತ ಜಡ್ಡಾತಂದ್ರ ನೀವು ಯಾ ಊರಾಗ ಇದ್ರೂ ಅಲ್ಲಿಗೆ ಬರತೇನಿ. ಹೇಳಿ ಹೋಗ್ರಿ, ಯಾ ಊರು ಅಂತ."

ನಾನು ಊರಿನ ಹೆಸರು ಹೇಳಿದೆ. ಅವಳು ಅದನ್ನು ಎರಡು ಸಲ ತನ್ನಷ್ಟಕ್ಕೆ ಹೇಳಿಕೊಂಡು, ರಸ್ತೆಗೆ ಇಳಿದು ಹೋದಳು.